ಆ ಕಲ್ಲಿಗೆ ಕುಂಕುಮ ಹಚ್ಚಿದವಳು

ಬೈಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ನಾಟಕದ ತಂಡದಲ್ಲಿ ಯಾರೂ ಇಲ್ಲ. ಹೆದರುವುದರಲ್ಲೂ ಇಲ್ಲ, ಆದರೆ ಅದು ನನಗೊಬ್ಬಳಿಗೇ ಗೊತ್ತಿತ್ತು. ಮೂವತ್ತು ವರ್ಷ ಪುಣೆಯ ಧನಕವಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸಿದೆ. ನಾನು ಕನ್ನಡಕ ಕೆಳಗಿಳಿಸಿ ನೋಡಿದರೆ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು. ಅದೇ ನಾನು, ರಸ್ತೆಯಲ್ಲಿ ನಾಲ್ಕು ಜನ ಗುಂಪುಗೂಡಿ ಜೋರಾಗಿ ಮಾತಾಡುತ್ತಿದ್ದರೆ ಎದುರಿನ ಬದಿಗೆ ದಾಟಿಬಿಡುತ್ತೇನೆ. ಪೊಲೀಸ್ ಜೀಪು ಕಂಡರೆ, ಏನೂ ಮಾಡದಿದ್ದರೂ, ಆಧಾರ್ ಕಾರ್ಡು ಇದೆಯೇ ಎಂದು ಪರ್ಸಿನಲ್ಲಿ ಮುಟ್ಟಿ ನೋಡಿಕೊಳ್ಳುತ್ತೇನೆ. ನಿವೃತ್ತಿಯಾದ ಮೇಲೆ ಬೈಯಲು ಮಕ್ಕಳು ಸಿಗದೆ ಕನ್ನಡ ನಾಟಕದವರನ್ನು ಸೇರಿಕೊಂಡೆ ಎಂದು ನಮ್ಮ ಮನೆಯವರು ಹೇಳುತ್ತಿರುತ್ತಾರೆ. ಅದರಲ್ಲಿ ಸತ್ಯವಿದೆ.

ನಮ್ಮದು ಹವ್ಯಾಸಿ ತಂಡ. ಧಾರವಾಡ ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲೇ ಬೇರುಬಿಟ್ಟ ಹತ್ತು ಮಂದಿ, ಜೊತೆಗೆ ಕರಾವಳಿಯ ಇಬ್ಬರು. ಆ ಇಬ್ಬರಲ್ಲಿ ಒಬ್ಬರು ನಮ್ಮ ನಿರ್ದೇಶಕರು. ಹಗಲು ಹೋಟೆಲ್ ನಡೆಸಿ, ಸಂಜೆ ಬಂದು ನಮಗೆ ಅಭಿನಯ ಕಲಿಸುತ್ತಾರೆ. ನಾನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ಹಾಲ್ ಹುಡುಕುವವಳು, ಕಾಗದಕ್ಕೆ ಸಹಿ ಹಾಕುವವಳು, ಮಾತು ಮರೆತವರನ್ನು ಬೈಯುವವಳು.

ಎರಡು ವರ್ಷದ ಹಿಂದೆ ನಮಗೊಂದು ಹೊಸ ಹಾಲ್ ಸಿಕ್ಕಿತು. ಹೊಸದು ನಮಗೆ, ಕಟ್ಟಡ ಹಳೆಯದು. ಅದು ಮೊದಲು ಕ್ಯಾಥೊಲಿಕ್ ಚರ್ಚು, ಹಳಬರ ಬಾಯಲ್ಲಿ ಇಗರ್ಜಿ. ಪುಣೆಯ ಕ್ಯಾಂಪ್ ಅನ್ನುವ ಪೇಟೆಯ ಹಿಂಬದಿಯ ಒಂದು ಓಣಿಯಲ್ಲಿ, ತರಕಾರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿದೆ. ಕರಿಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಒಂದಿಷ್ಟು ಅಂಗಳ. ಜನ ಹೆಚ್ಚಿ ಜಾಗ ಸಾಲದೆ ಅವರು ಬೇರೆ ಕಡೆ ದೊಡ್ಡ ಚರ್ಚು ಕಟ್ಟಿಕೊಂಡು ಹೋದಾಗ, ಹಳೆಯದನ್ನು ಒಂದು ಟ್ರಸ್ಟಿಗೆ ಒಪ್ಪಿಸಿದ್ದರು. ಟ್ರಸ್ಟಿನವರು ಅದನ್ನು ನಾಟಕಕ್ಕೆ, ಹಾಡಿಗೆ, ಚಿತ್ರ ಪ್ರದರ್ಶನಕ್ಕೆ ಕೊಡುತ್ತಿದ್ದರು. ಪೂಜಾಪೀಠವಿದ್ದ ಜಾಗ ಈಗ ರಂಗ. ಪಾದ್ರಿಗಳು ವಸ್ತ್ರ ಬದಲಿಸುತ್ತಿದ್ದ ಕೋಣೆಯಲ್ಲಿ ನಾವು ಬಣ್ಣ ಹಚ್ಚಿಕೊಳ್ಳುತ್ತಿದ್ದೆವು. ಪಾಪನಿವೇದನೆಯ ಮರದ ಗೂಡೊಂದು ಹಾಗೇ ಉಳಿದಿತ್ತು. ನಮ್ಮ ಗಂಡಸರು ಅದರೊಳಗೆ ಪ್ಯಾಂಟು ಅಂಗಿ ತೂಗುಹಾಕುತ್ತಿದ್ದರು. ಮಾಡು ಎಷ್ಟು ಎತ್ತರವೆಂದರೆ ಆಡಿದ ಮಾತು ಮೇಲೆ ಹೋಗಿ ಒಂದು ಸುತ್ತು ಹಾಕಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ‘ನಿಧಾನ ಹೇಳಿ ಮಾರಾಯ್ರೆ, ನಿಧಾನ’ ಎಂದು ನಿರ್ದೇಶಕರು ತಿಂಗಳು ಪೂರ್ತಿ ಬಡಕೊಂಡರು.

ಅಲ್ಲಿ ಕಾವಲಿಗೆ ಒಬ್ಬ ಕಾಕಾ ಇದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಚರ್ಚು ಇದ್ದಾಗ ಗಂಟೆ ಬಾರಿಸುವುದು, ಮೇಣದಬತ್ತಿ ಹಚ್ಚುವುದು, ನೆಲ ಒರೆಸುವುದು ಅವರದೇ ಕೆಲಸವಾಗಿತ್ತು. ಚರ್ಚಿನವರು ಹೋದರೂ ಇವರು ಹೋಗಲಿಲ್ಲ. ಟ್ರಸ್ಟಿನವರು ಹಿಂದಿನ ಖೋಲಿಯನ್ನು, ಇರುವ ಒಂದೇ ಕೋಣೆಯನ್ನು, ಇವರಿಗೇ ಬಿಟ್ಟು ಕಾವಲಿಗೆ ಇಟ್ಟುಕೊಂಡಿದ್ದರು. ಮೊದಲ ದಿನ ಅವರು ಬಾಗಿಲ ಕೀಲಿ ತೆಗೆಯುತ್ತಿದ್ದಾಗ, ಇವರ ಮುಖ ಯಾಕೆ ಹೀಗೆ ಗಂಟಿಕ್ಕಿಕೊಂಡಿದೆ ಎಂದು ನಾವು ಕನ್ನಡದಲ್ಲಿ ಧೈರ್ಯವಾಗಿ ಆಡಿಕೊಳ್ಳುತ್ತಿದ್ದೆವು. ಅವರು ತಿರುಗಿ ಕೂಡ ನೋಡದೆ, ‘ಹುಟ್ಟಿದಾಗಿಂದ ಹಿಂಗ ಅದ್ರಿ, ಏನ್ ಮಾಡೂದು’ ಎಂದರು. ನಮ್ಮ ಬೆಳಗಾವಿ ಬದಿಯ ಖಾನಾಪುರದವರು. ಅಂದಿನಿಂದ ನಾನು ಅವರಿಗೆ ಕಾಕಾ, ಅವರಿಗೆ ನಾನು ಬಾಯಾರು, ಅಮ್ಮಾವ್ರು ಅನ್ನುವ ಹಾಗೆ.

ಹಾಲಿನ ನಿಯಮಗಳ ಕಾಗದಕ್ಕೆ ಸಹಿ ಹಾಕಿದವಳು ನಾನೇ. ಒಳಗೆ ಬೆಂಕಿ ಇಲ್ಲ, ಗೋಡೆಗೆ ಮೊಳೆ ಇಲ್ಲ, ಯಾವ ಧರ್ಮದ ಪೂಜೆಯೂ ಇಲ್ಲ. ಓದಿಯೇ ಸಹಿ ಹಾಕಿದ್ದೆ.

ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಎಲ್ಲರೂ ಸೇರಿದಾಗ ನಾನು ಚೀಲದಿಂದ ತೆಂಗಿನಕಾಯಿ, ಕರ್ಪೂರ, ಅರಿಶಿನ, ಕುಂಕುಮ ತೆಗೆದೆ. ರಂಗಪೂಜೆ ಮಾಡದೆ ಬಣ್ಣ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ನಿರ್ದೇಶಕರು ಗಾಬರಿಯಾದರು.

‘ಇಲ್ಲಿ ಬೇಡ ಅಕ್ಕ. ಕಾಗದದಲ್ಲಿ ಬರೆದಿದ್ದಾರಲ್ಲ. ಮನಸ್ಸಿನಲ್ಲೇ ಕೈ ಮುಗಿದರಾಯ್ತು.’

ನನಗೆ ಸಿಟ್ಟು ಬಂತು. ‘ಹೋದ ವರ್ಷ ಒಂದ ಸಲ ಮರತು ಕಾಯಿ ಒಡೀದನ ನಾಟಕ ಮಾಡಿದ್ವಿ. ಎರಡನೇ ಅಂಕದಾಗ ರಾಜಾನ ಪಾರ್ಟಿನವನ ಕಾಲು ಮುರೀತು. ನೆನಪದ ಇಲ್ರಿ? ಒಳಗ ಬ್ಯಾಡಂದ್ರ ಹೊರಗ ಒಡಿತೀನಿ. ಕಾಗದದಾಗ ಹೊರಗಿನ ಮಾತು ಬರದಿಲ್ಲ.’

ಗೇಟಿನ ಒಳಗೆ ಎಡಕ್ಕೆ, ಗಿಡ್ಡ ಕಾಂಪೌಂಡಿಗೆ ಅಂಟಿಕೊಂಡು, ಒಂದು ಕಲ್ಲಿತ್ತು. ಮೊಣಕಾಲೆತ್ತರದ ಚೌಕ ಕರಿಕಲ್ಲು, ನಡುವೆ ಅಂಗೈಯಗಲದ ಕುಳಿ. ಕಟ್ಟುವಾಗ ಉಳಿದದ್ದಿರಬೇಕು ಅಂದುಕೊಂಡೆ. ಹೆಚ್ಚು ಯೋಚಿಸಲಿಲ್ಲ. ಒಣ ಕುಂಕುಮ ಕಲ್ಲಿಗೆ ನಿಲ್ಲುವುದಿಲ್ಲ, ಎಣ್ಣೆಯಲ್ಲಿ ಕಲೆಸಿ ಹಚ್ಚಿದರೆ ಮಳೆಗೂ ಜಗ್ಗುವುದಿಲ್ಲ ಎಂದು ನನ್ನ ಅತ್ತೆ ಕಲಿಸಿದ್ದರು. ಹಾಗೇ ಕಲೆಸಿ ಐದು ಬೆರಳಿನಿಂದ ಎಳೆದೆ. ಮೇಲೆ ಧಾರಾಳವಾಗಿ ಅರಿಶಿನ ಹಾಕಿದೆ. ಕರ್ಪೂರ ಹಚ್ಚಿ, ಕಲ್ಲಿನ ಮೂಲೆಗೆ ಕಾಯಿ ಹೊಡೆದೆ. ಒಂದೇ ಏಟಿಗೆ ಎರಡು ಹೋಳಾಯಿತು. ಕಾಯಿಯ ನೀರು ಕುಳಿಯಲ್ಲಿ ನಿಂತಿತು. ಎಲ್ಲರೂ ಕೈಮುಗಿದರು, ಗಾಬರಿಯಾಗಿದ್ದ ನಿರ್ದೇಶಕರೂ ಮುಗಿದರು. ಒಂದು ಹೋಳನ್ನು ದೇವರ ಪಾಲೆಂದು ಕಲ್ಲಿನ ಮೇಲೆ ಬಿಟ್ಟು, ಇನ್ನೊಂದನ್ನು ಚೂರು ಮಾಡಿ ಹಂಚಿದೆ. ನಾಟಕ ಚೆನ್ನಾಗಿ ಆಯಿತು. ಕಾಲು ಮುರಿದುಕೊಳ್ಳದೆ ಎಲ್ಲರೂ ಮನೆಗೆ ಹೋದೆವು, ಕಲ್ಲು ಒರೆಸಬೇಕೆಂಬುದು ಯಾರ ತಲೆಗೂ ಬರಲಿಲ್ಲ.

ಹತ್ತು ದಿನದ ಮೇಲೆ, ಬಿಟ್ಟುಬಂದಿದ್ದ ಬಟ್ಟೆಯ ಟ್ರಂಕು ತರಲು ಹೋದೆ. ಕಲ್ಲಿನ ಮೇಲೆ ಒಂದು ಚೆಂಡುಹೂವಿನ ಮಾಲೆ ಇತ್ತು. ಕುಳಿಯಲ್ಲಿ ಎರಡು ಊದುಬತ್ತಿ ಉರಿದು ಬೂದಿಯಾಗಿದ್ದವು. ನಾನು ಹಚ್ಚಿದ್ದಕ್ಕಿಂತ ಎರಡು ಪಟ್ಟು ಅರಿಶಿನ.

ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು. ‘ನೋಡಿದ್ರೇನ್ರಿ ಬಾಯಾರ? ಮಾರ್ಕೆಟಿಗೆ ಹೋಗಾವ್ರು ಗ್ವಾಡಿ ಮ್ಯಾಲಿಂದ ಕೈ ಹಾಕಿ ಹೂವ ಇಡಾಕತ್ಯಾರ. ಅರಿಷಿಣದ ಭಂಡಾರ ಅದ, ಖಂಡೋಬಾನ ಇರಬೇಕು ಅಂತಾರ.’

ಹೆದರಿದಾಗ ನಾನು ಬೈಯುತ್ತೇನೆ. ‘ಮೊದಲನೇ ದಿನಾನ ತೊಳದಬಿಡಬೇಕಿಲ್ರಿ ಕಾಕಾ? ನೀವು ಕಾವಲಿಗೆ ಇರೂದ್ಯಾಕ?’

‘ನಾ ತೊಳಿಬೇಕ್ರಿ? ಇಗರ್ಜಿ ಮನಿಷಾ ದೇವರನ್ನ ಒರಿಸಿ ಹಾಕಿದ ಅಂದ್ರ ಏನ್ ಮಾಡ್ಲಿ?’ ಆಮೇಲೆ ದನಿ ತಗ್ಗಿಸಿ ಹೇಳಿದರು. ‘ಅದು ಶಿಲುಬಿ ನಿಂದರಸಿದ್ದ ಕಲ್ಲರಿ. ಶಿಲುಬಿ ಹೊಸಾ ಇಗರ್ಜಿಗೆ ಒಯ್ದ್ರು. ಇದು ಭಾಳ ವಜ್ಜಾ, ಎತ್ತಾಕ ಬರಂಗಿಲ್ಲ ಅಂತ ಬಿಟ್ಟು ಹ್ವಾದ್ರು. ನನ್ನ ಹೇಣ್ತಿ ಇರೂತನಾ ದಿನಾ ಇಲ್ಲೇ ಮೇಣಬತ್ತಿ ಹಚ್ಚತಿದ್ಲು. ನಾಳೆ ಇದರ ಸಲುವಾಗಿ ಜಗಳ ಗಿಗಳ ಆತಂದ್ರ ಟ್ರಸ್ಟಿನವರು ಹಾಲಿಗೆ ಕೀಲಿ ಹಾಕತಾರ್ರಿ. ನನ್ನ ಖೋಲಿನೂ ಹೋಗತದ. ನಿಮ್ಮ ಪೈಕಿ ಯಾರರ ಹಚ್ಚಿದ್ರೇನು ಕುಂಕುಮಾ?’

‘ನನಗ ಗೊತ್ತಿಲ್ರಿ,’ ಎಂದೆ.

ಇಷ್ಟು ಬೇಗ ಬಾಯಿಂದ ಹೇಗೆ ಬಂತೆಂದು ಈಗಲೂ ತಿಳಿಯದು. ಟ್ರಂಕನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದೆ. ದಾರಿಯುದ್ದಕ್ಕೂ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದೆ. ಹತ್ತು ದಿನದ ಹಿಂದಿನ ಕುಂಕುಮ ಬೆರಳಿನಲ್ಲಿ ಎಲ್ಲಿರುತ್ತದೆ?

ಅಲ್ಲಿಂದ ನನ್ನ ಭಯ ಶುರುವಾಯಿತು. ಭಯ ಅಂದರೆ ಒಂದೇ ಅಲ್ಲ. ಟ್ರಸ್ಟಿನವರು ನನ್ನ ಸಹಿ ಇದ್ದ ಕಾಗದ ಮುಂದಿಟ್ಟರೆ ಎಂಬ ಭಯ. ಅದು ಶಿಲುಬೆಯ ಕಲ್ಲೆಂದು ಆ ಓಣಿಯ ಕ್ರಿಶ್ಚಿಯನ್ ಮನೆಗಳವರು ಎದ್ದರೆ ಎಂಬ ಭಯ. ಅದು ದೇವರ ಕಲ್ಲಲ್ಲ ಎಂದು ಹೇಳಿದವರ ಮೇಲೆ ಹೂವಿಡುವವರು ಎದ್ದರೆ ಎಂಬ ಇನ್ನೂ ದೊಡ್ಡ ಭಯ. ಈಗಿನ ದಿನಗಳಲ್ಲಿ ಇಂಥದು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗುತ್ತದೆಂದು ಟಿವಿ ನೋಡುವ ಎಲ್ಲರಿಗೂ ಗೊತ್ತು. ಮತ್ತೆ, ಹೇಳಲು ನಾಚಿಕೆಯಾಗುತ್ತದೆ, ದೇವರ ಭಯ. ನಮ್ಮ ಮನೆದೇವರೇ ಜೇಜುರಿಯ ಖಂಡೋಬಾ, ಕನ್ನಡದವರ ಮೈಲಾರಲಿಂಗ. ವರ್ಷಕ್ಕೊಮ್ಮೆ ಹೋಗಿ ಭಂಡಾರ ಹಾರಿಸಿ ಬರುತ್ತೇವೆ. ಅಷ್ಟು ಜನ ಕೈಮುಗಿದ ಮೇಲೆ ಅಲ್ಲಿ ಅವನು ಬಂದು ಕೂತಿದ್ದರೆ?

ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ದೇವರು ಕೂತ ಮ್ಯಾಲೆ ಎಬ್ಬಸಾಕ ನೀ ಯಾರು? ಸುಮ್ನಿರು’ ಎಂದರು. ನಾನು ಸುಮ್ಮನಿದ್ದೆ. ಸುಮ್ಮನಿರಲು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದೆ ಅನಿಸುತ್ತದೆ.

ಒಂದೂವರೆ ತಿಂಗಳಾಗಿರಬೇಕು. ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಫೋಟೊ ಹಾಕಿದರು. ಆ ಕಲ್ಲೇ. ಈಗ ಅದಕ್ಕೆ ಬೆಳ್ಳಿಯ ಎರಡು ಕಣ್ಣು ಅಂಟಿಸಿದ್ದರು. ಕೆಳಗೆ ಮರಾಠಿಯಲ್ಲಿ ಬರೆದಿತ್ತು: ಕರ್ನಾಟಕದ ಒಬ್ಬ ಹೆಂಗಸಿನ ಕನಸಿನಲ್ಲಿ ಖಂಡೋಬಾ ಬಂದು, ನಾನು ಇಲ್ಲಿ ಬಹಳ ವರ್ಷದಿಂದ ಉಪವಾಸ ಕೂತಿದ್ದೇನೆ ಎಂದನಂತೆ, ಅವಳು ಹುಡುಕಿಕೊಂಡು ಬಂದು ಮೊದಲ ಕಾಯಿ ಒಡೆದಳಂತೆ. ಆವತ್ತು ಓಣಿಯಲ್ಲಿ ಹೋಗುತ್ತಿದ್ದವರ ಕಿವಿಗೆ ನಮ್ಮ ಕನ್ನಡ ಬಿದ್ದಿರಬೇಕು. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಮೂರನೇ ಮಹಡಿಯವರು, ಲಿಫ್ಟಿನಲ್ಲಿ ನನಗೆ ದಿನಾ ಎದುರಾಗುವವರು, ‘ಜಾಗೃತ ಸ್ಥಾನ, ಒಮ್ಮೆ ಹೋಗಬೇಕು’ ಎಂದು ಬರೆದಿದ್ದರು. ನನ್ನ ಕಥೆಯನ್ನು ನಾನೇ ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಕುಕ್ಕರಿನ ಸೀಟಿ ಎಷ್ಟು ಆದವೋ ಲೆಕ್ಕ ತಪ್ಪಿತು, ಬೇಳೆ ತಳ ಹಿಡಿಯಿತು.

ಅದೇ ಫೋಟೊ ನಮ್ಮ ನಾಟಕದ ಗುಂಪಿಗೂ ಬಂತು. ಆ ದಿನ ಪೂಜೆಗೆ ಕೈಮುಗಿದ ಹನ್ನೆರಡೂ ಮಂದಿ ಆ ಗುಂಪಿನಲ್ಲಿದ್ದೇವೆ. ಎಲ್ಲರೂ ನೋಡಿದ ಗುರುತು ಬಿತ್ತು. ಎರಡು ದಿನ ಯಾರೂ ಒಂದಕ್ಷರ ಬರೆಯಲಿಲ್ಲ. ಮೂರನೇ ದಿನ ಯಾರೋ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳಿದರು, ಎಲ್ಲರೂ ಉಸಿರುಬಿಟ್ಟು ಕೇಕಿನ ಚಿತ್ರ ಹಾಕಿದರು.

ಮುಂದಿನ ವಾರ ಟ್ರಸ್ಟಿನ ಮೇಡಂ ನನ್ನನ್ನೂ ನಿರ್ದೇಶಕರನ್ನೂ ಕರೆಸಿದರು. ಬಣ್ಣ ಹಚ್ಚುತ್ತಿದ್ದ ಕೋಣೆಯಲ್ಲೇ ಕೂತೆವು. ಅವರು ಮೆತ್ತಗೆ ಮಾತಾಡುವ ಹೆಂಗಸು. ಆ ತಿಂಗಳಲ್ಲಿ ಹಾಲ್ ಬಳಸಿದ ತಂಡಗಳಲ್ಲಿ ಯಾರಾದರೂ ಪೂಜೆ ಮಾಡಿದ್ದರೆ ಹೇಳಿಬಿಡಿ, ನಾವು ಯಾರ ಮೇಲೂ ಕ್ರಮ ತೆಗೆದುಕೊಳ್ಳುವುದಿಲ್ಲ ಎಂದರು. ‘ಇದು ನಾಟಕದ ಪೂಜೆ ಅಂತ ಒಬ್ಬರು ಎದುರಿಗೆ ನಿಂತು ಹೇಳಿದರೆ ಸಾಕು. ಈಗಲೇ ಆದರೆ ಸರಿಹೋಗುತ್ತದೆ. ಕಟ್ಟೆ ಕಟ್ಟಿದ ಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ. ನಾವು ಬಾಗಿಲು ಹಾಕಬೇಕಾಗುತ್ತದೆ.’

‘ನಾವು ಹಾಲಿನೊಳಗೆ ಏನೂ ಮಾಡಿಲ್ಲ,’ ಎಂದೆ.

ಅದು ಸುಳ್ಳಲ್ಲ. ಗಣಿತ ಕಲಿಸಿದವರಿಗೆ ಇಂಥ ಉತ್ತರ ಸಲೀಸಾಗಿ ಬರುತ್ತದೆ. ನಿರ್ದೇಶಕರು ನನ್ನ ಮುಖ ನೋಡಿ, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು. ಹೊರಗೆ ಬಂದ ಮೇಲೆ, ‘ಅಕ್ಕ, ನನ್ನದು ಹೋಟೆಲು ಉಂಟು. ನಾಳೆ ಯಾರಾದರೂ ಬಂದು ಗ್ಲಾಸು ಒಡೆದರೆ ಎಂತ ಮಾಡುದು?’ ಎಂದರು. ನಾನು ಅವರಿಗೆ ಬೈಯಲಿಲ್ಲ. ಅವರ ಭಯವೂ ನನ್ನದರ ಜಾತಿಯದೇ.

ಗೇಟಿನ ಹತ್ತಿರ ಮೂವರು ಹುಡುಗರು ಬೈಕು ನಿಲ್ಲಿಸಿ ಕಲ್ಲಿನ ಸುತ್ತ ಅಳತೆಯ ಟೇಪು ಹಿಡಿದಿದ್ದರು. ತಗಡಿನ ಚಪ್ಪರಕ್ಕಂತೆ. ಒಬ್ಬನ ಟೇಪು ಅಂಗಳದ ನಡುವಿನವರೆಗೆ ಬಂದಿತ್ತು. ನಾವು ಗೋಡೆಗೆ ಒತ್ತಿಕೊಂಡು, ಟೇಪು ದಾಟದ ಹಾಗೆ, ಹೊರಗೆ ಹೋದೆವು.

ಕಾಕಾ ನನ್ನ ಹಿಂದೆಯೇ ಓಣಿಯ ತುದಿಯವರೆಗೆ ಬಂದರು. ನಿರ್ದೇಶಕರು ಸ್ಕೂಟರ್ ಹತ್ತಿ ಹೋಗುವವರೆಗೂ ಕಾದರು.

‘ನಾ ನೋಡಿದ್ನಿರಿ ಬಾಯಾರ, ಆವತ್ತು. ಮ್ಯಾಲೆ ಗಂಟಿ ಕಿಟಕ್ಯಾಗ ನಿಂತಿದ್ನಿ. ನೀವ ಹಚ್ಚಿದ್ರಿ, ನೀವ ಕಾಯಿ ಒಡದ್ರಿ.’

‘ಮತ್ತ ಯಾಕ ಹೇಳಲಿಲ್ರಿ ಮೇಡಂಗ?’

‘ನಾ ಹೇಳಿದ್ರ ಯಾರ ನಂಬತಾರ್ರಿ? ಇಂವಾ ಇಗರ್ಜಿಯವ, ಇಂವಗ ನಮ್ಮ ದೇವರು ಬ್ಯಾಡ ಅಂತಾರ. ಮಾತ ಉಲ್ಟಾನ ಆಗತದ. ನೀವು ಹೇಳಿದ್ರ ನಂಬತಾರ್ರಿ. ಕುಂಕುಮಾ ಹಚ್ಚಿದಾಕಿನ ಬಂದು ನಾಟಕದ ಸಲುವಾಗಿ ಹಚ್ಚಿದ್ನಿ, ದೇವರಲ್ಲ ಅಂದು ತೊಳದ್ರ, ಯಾರ ಏನ್ ಅನ್ನಾವ್ರು?’ ಓಣಿಯತ್ತ ತಿರುಗಿ ನೋಡಿ, ‘ನಲವತ್ತು ವರ್ಷ ಆತ್ರಿ ಆ ಖೋಲ್ಯಾಗ. ಮತ್ತೆಲ್ಲಿ ಹೋಗ್ಲಿ?’ ಎಂದರು.

ಅವರು ಬೇಡಿದ ರೀತಿಯಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಿರಲಿಲ್ಲ. ‘ಭಾನುವಾರ ಮುಂಜಾನೆ ಬರತೀನ್ರಿ,’ ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು. ಬಸ್ಸು ಹತ್ತುವಷ್ಟರಲ್ಲಿ ಮತ್ತೆ ಭಾರವಾಯಿತು.

ಭಾನುವಾರ ಬಕೆಟ್ಟಿನಲ್ಲಿ ಹುಣಸೆಹಣ್ಣು, ಸೋಡಾಪುಡಿ, ತೆಂಗಿನ ನಾರು ಹಾಕಿಕೊಂಡು ಹೊರಟೆ. ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ನಾಲ್ಕು ವಾಕ್ಯ ಮಾಡಿಕೊಂಡು ಬಸ್ಸಿನಲ್ಲಿ ಉರುಹೊಡೆದೆ. ಇದನ್ನು ನಾನೇ ಹಚ್ಚಿದ್ದು. ನಮ್ಮ ನಾಟಕದ ಪದ್ಧತಿ. ಯಾವ ಕನಸೂ ಬಿದ್ದಿಲ್ಲ. ಇದು ಶಿಲುಬೆ ನಿಂತಿದ್ದ ಕಲ್ಲು. ಮಕ್ಕಳಿಗೆ ಪ್ರಮೇಯ ಕಲಿಸುವಾಗ ಎಷ್ಟು ಸಲ ಹೇಳಿಸುತ್ತಿದ್ದೆನೋ ಅಷ್ಟು ಸಲ ಹೇಳಿಕೊಂಡೆ. ಪಕ್ಕದಲ್ಲಿ ಕೂತವಳು ಇವಳು ಜಪ ಮಾಡುತ್ತಿದ್ದಾಳೆಂದು ಸ್ವಲ್ಪ ಸರಿದು ಜಾಗ ಕೊಟ್ಟಳು.

ಎಂಟು ಗಂಟೆಗೆ ಕಾಕಾ ಗೇಟು ತೆರೆದರು. ಅವರೂ ಇಡೀ ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ. ‘ಬಿಸಿನೀರು ಇಟ್ಟೀನ್ರಿ, ತರತೀನಿ. ಎಣ್ಣಿ ಜಿಡ್ಡು ತಣ್ಣೀರಿಗೆ ಹೋಗಂಗಿಲ್ಲ’ ಎಂದು ಒಳಗೆ ಹೋದರು. ನಾನು ಕಲ್ಲಿನ ಮುಂದೆ ಕೂತೆ. ಮಾಲೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟೆ. ಆ ಬೆಳ್ಳಿಯ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ‘ತಪ್ಪಾತಪ್ಪಾ, ಸಿಟ್ಟಾಗಬ್ಯಾಡ’ ಎಂದು ಗೊಣಗುತ್ತ ನಾರು ಹಿಡಿದು ಉಜ್ಜಿದೆ. ಅರಿಶಿನ ಬಿಟ್ಟಿತು. ಅದರ ಕೆಳಗೆ ನನ್ನ ಐದು ಬೆರಳಿನ ಗೆರೆಗಳು ಹಾಗೇ ಇದ್ದವು.

‘ಕಾಕೂ, ಕಾಯ ಕರತಾಯ?’

ಚಿಕ್ಕಮ್ಮಾ, ಏನು ಮಾಡುತ್ತಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದವಳು ಒಬ್ಬ ಎಳೆಯ ಹೆಂಗಸು. ಇಪ್ಪತ್ತೈದಿರಬಹುದು. ಮನೆಗೆಲಸಕ್ಕೆ ಹೋಗುವ ದಾರಿಯಲ್ಲಿದ್ದಳೆಂದು ಕಾಣುತ್ತದೆ, ಹೆಗಲಲ್ಲಿ ಚೀಲ, ಕೈಯಲ್ಲಿ ಹೂವಿನ ಪೊಟ್ಟಣ. ಮುಖದಲ್ಲಿ ಸಿಟ್ಟಿಲ್ಲ, ಬರೀ ಪ್ರಶ್ನೆ. ಅವಳೊಬ್ಬಳೇ ಇದ್ದಿದ್ದರೆ ಹೇಳುತ್ತಿದ್ದೆನೇನೋ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಷ್ಟರಲ್ಲಿ ಗೇಟಿನ ಹೊರಗೆ ಒಂದು ಬೈಕು ನಿಂತಿತು. ಟೇಪು ಹಿಡಿದಿದ್ದವರಲ್ಲಿ ಇಬ್ಬರು. ಎಂಜಿನ್ ಆರಿಸದೆ, ಒಂದು ಕಾಲು ನೆಲಕ್ಕೆ ಊರಿ, ಪಕ್ಕಕ್ಕಿಟ್ಟ ಮಾಲೆಗಳನ್ನು ನೋಡಿದರು. ನನ್ನ ಕೈಯಲ್ಲಿದ್ದ ನಾರನ್ನು ನೋಡಿದರು.

ನಾಲ್ಕು ವಾಕ್ಯಗಳಲ್ಲಿ ಮೊದಲನೆಯದಕ್ಕೆ ಬಾಯಿ ತೆರೆದೆ.

‘ದೇವಾಲಾ ಆಂಘೋಳ ಘಾಲತೇಯ,’ ಎಂದೆ. ದೇವರಿಗೆ ಸ್ನಾನ ಮಾಡಿಸುತ್ತಿದ್ದೇನೆ.

ಬೈಕಿನವರು ಹಣೆಗೆ ಎದೆಗೆ ಕೈ ಮುಟ್ಟಿಸಿಕೊಂಡು ಹೋದರು. ಆ ಹೆಂಗಸಿನ ಮುಖ ಅರಳಿತು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕ ಕೂತಳು. ನಿಮಗೆ ವಯಸ್ಸಾಗಿದೆ ಕಾಕೂ, ಇತ್ತ ಕೊಡಿ ಎಂದು ನಾರು ತೆಗೆದುಕೊಂಡು, ಬೆಳ್ಳಿಯ ಕಣ್ಣು ಬಿಡಿಸಿಟ್ಟು, ನನ್ನ ಬಕೆಟ್ಟಿನ ಸೋಡಾಪುಡಿ ಹಾಕಿ ಮೂಲೆಮೂಲೆ ಉಜ್ಜಿ, ತನ್ನ ಬಾಟಲಿಯ ಕುಡಿಯುವ ನೀರು ಸುರಿದು ತೊಳೆದಳು. ಒಂದು ಗಳಿಗೆ ಆ ಕಲ್ಲು ಹಳೆಯ ಕಲ್ಲಿನ ಹಾಗೆ, ಬರಿಯ ಕರಿ ಕಲ್ಲಿನ ಹಾಗೆ ನನ್ನ ಮುಂದೆ ಇತ್ತು. ಆಗಲೂ ಹೇಳಬಹುದಿತ್ತು. ಬೈಕು ಹೋಗಿತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಅವಳು ಕಣ್ಣುಗಳನ್ನು ಮತ್ತೆ ಒತ್ತಿ ಕೂರಿಸಿ, ಚೀಲದಿಂದ ಡಬ್ಬಿ ತೆಗೆದು ಹೊಸ ಕುಂಕುಮ ಹಚ್ಚಿದಳು. ಅದೇ ಬೆರಳಿನಿಂದ ನನ್ನ ಹಣೆಗೂ ಹಚ್ಚಿದಳು.

ಆಮೇಲೆ ನನ್ನ ಮರಾಠಿಯ ರಾಗ ಗುರುತಿಸಿರಬೇಕು, ತಲೆ ವಾಲಿಸಿ ನೋಡಿದಳು. ನೀವು ಕರ್ನಾಟಕದವರಾ ಎಂದು ಕೇಳಿದಳು. ಹೌದೆಂದೆ. ಅವಳ ದನಿ ಇಳಿಯಿತು. ಹಾಗಾದರೆ ಕನಸಿನಲ್ಲಿ ಬಂದದ್ದು ನಿಮಗೇನಾ?

ನಾನು ತಲೆ ಆಡಿಸಿದೆ. ಹೌದೂ ಅಲ್ಲ, ಇಲ್ಲವೂ ಅಲ್ಲ ಎಂಬ ಹಾಗೆ ಆಡಿಸಲು ಹೋದೆ. ಅವಳು ಹೌದೆಂದೇ ತಿಳಿದಳು. ಬಗ್ಗಿ ನನ್ನ ಎರಡೂ ಕಾಲು ಮುಟ್ಟಿದಳು.

ಹಿಂದೆ ಕಾಕಾ ನಿಂತಿದ್ದರು. ಎರಡೂ ಕೈಯಲ್ಲಿ ಬಟ್ಟೆ ಸುತ್ತಿ ಬಿಸಿನೀರಿನ ಪಾತ್ರೆ ಹಿಡಿದಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು. ನಾನು ತಿರುಗಿದಾಗ ಅವರು ನನ್ನ ಹಣೆಯನ್ನು ನೋಡಿ, ನೀರು ತುಳುಕದ ಹಾಗೆ ನಿಧಾನವಾಗಿ ಒಳಗೆ ಹೋದರು.

ಚಪ್ಪರ ಎದ್ದಿತು. ಮರಾಠಿಯಲ್ಲೊಂದು ಫಲಕ ಬಂತು. ಅದರಲ್ಲಿ ಕನಸಿನ ಕಥೆ ಇದೆ, ನನ್ನ ಊರಿನ ಹೆಸರಷ್ಟೇ ತಪ್ಪಿದೆ. ಜಗಳವೇನೂ ಆಗಲಿಲ್ಲ. ಚಪ್ಪರ ತೆಗೆಸಿ ಎಂದು ಒಬ್ಬರು ಅರ್ಜಿ ಕೊಟ್ಟರು, ಇನ್ನೊಬ್ಬರು ಅದಕ್ಕೆ ಎದುರು ಅರ್ಜಿ ಕೊಟ್ಟರು, ಟ್ರಸ್ಟಿನವರು ಹೆದರಿ ಹಾಲಿಗೆ ಬೀಗ ಹಾಕಿದರು. ದುರಸ್ತಿಗಾಗಿ ಮುಚ್ಚಿದೆ ಎಂದು ಗೇಟಿಗೆ ಕಾಗದ ಅಂಟಿಸಿದ್ದಾರೆ. ದುರಸ್ತಿ ಮಾಡುವವರನ್ನು ಯಾರೂ ನೋಡಿಲ್ಲ. ನಮ್ಮ ತಂಡ ಈಗ ಒಂದು ಶಾಲೆಯ ಸಭಾಂಗಣದಲ್ಲಿ ಅಭ್ಯಾಸ ಮಾಡುತ್ತದೆ, ರಂಗಪೂಜೆಗೆ ನಾನು ಹೋಗುವುದಿಲ್ಲ.

ಕಾಕಾ ಖೋಲಿ ಬಿಡುವ ದಿನ ಹೋಗಿದ್ದೆ. ಹೋಗದಿರಲು ಬೆಳಗಿನಿಂದ ನೂರು ನೆಪ ಹುಡುಕಿ, ಒಂದೂ ಗಟ್ಟಿಯಾಗಿ ಸಿಗದೆ ಹೋದೆ. ತಳೇಗಾಂವ ದಾಭಾಡೆಯಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದ ಅವರ ತಂಗಿಯ ಮಗ ಟೆಂಪೊ ತಂದಿದ್ದ. ಸಾಮಾನು ಅರ್ಧ ಟೆಂಪೊ ಕೂಡ ಆಗಲಿಲ್ಲ. ನಾನು ಬಾಗಿಲ ಬಳಿ ನಿಂತು ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ.

‘ಹೆದರಿದ್ರಿ ನೀವು,’ ಎಂದರು ಕಾಕಾ. ಬೈದ ಹಾಗಿರಲಿಲ್ಲ. ಮಳೆ ಬಂತು ಎಂದ ಹಾಗೆ ಹೇಳಿದರು. ‘ನಾನೂ ಹೆದರಿದ್ನಿ ಬಾಯಾರ. ಆದ್ರ ನನಗ ಹೇಳಾಕ ಬರತಿದ್ದಿಲ್ಲ. ನಿಮಗ ಬರತಿತ್ತು.’

ಟೆಂಪೊ ಹೊರಟಿತು. ನಾನು ಹೊರಗೆ ಬರುವಾಗ ಚಪ್ಪರದ ಕೆಳಗೆ ಐದಾರು ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ಕಾಲು ಮುಟ್ಟಿದ್ದ ಆ ಹೆಂಗಸೂ ಇದ್ದಳೇನೋ ಎಂದು ಸೆರಗನ್ನು ಮುಖದವರೆಗೆ ಎಳೆದುಕೊಂಡು ಬೇಗ ದಾಟಿದೆ.

ಈಗ ಕ್ಯಾಂಪಿಗೆ ಹೋಗಬೇಕಾದರೆ ನನ್ನ ಬಸ್ಸು ಆ ಓಣಿಯ ಬಾಯಿಯನ್ನು ಹಾದೇ ಹೋಗುತ್ತದೆ. ಕಿಟಕಿಯಿಂದ ತಗಡಿನ ಚಪ್ಪರ ಕಾಣುತ್ತದೆ, ಅದರ ಹಿಂದೆ ಮುಚ್ಚಿದ ಬಾಗಿಲು ಕಾಣುತ್ತದೆ. ಬಸ್ಸಿನಲ್ಲಿ ಕೂತವರು ಮಾತು ನಿಲ್ಲಿಸಿ, ಕೈಯನ್ನು ಹಣೆಗೆ ಎದೆಗೆ ಮುಟ್ಟಿಸಿಕೊಳ್ಳುತ್ತಾರೆ. ನಾನೊಬ್ಬಳು ಸುಮ್ಮನೆ ಕೂತರೆ ಯಾರಾದರೂ ನೋಡಿಯಾರು. ನಾನೂ ಮುಟ್ಟಿಸಿಕೊಳ್ಳುತ್ತೇನೆ.